ಕಾಲ್ಪನಿಕ ಗ್ರಹಕ್ಕೆ ಚಂದ್ರರನ್ನು ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕತೆ ಬರೆಯುವವರು, ಗೇಮ್ ಮಾಡುವವರು, ಕಾಮಿಕ್ಸ್ ಬಿಡಿಸುವ ಹುಡುಗರು, ಹೀಗೆ ಮಂಗಳೂರು ಉಡುಪಿ ಕಡೆಯ ಗೆಳೆಯರು ನನ್ನ ಹತ್ತಿರ ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ನನ್ನದು ಒಂದೇ ಹಟ. ಚಂದ್ರನನ್ನು ಆಕಾಶದಿಂದ ಶುರು ಮಾಡಬೇಡಿ, ಕಡಲ ಕಡೆಯಿಂದ ಶುರು ಮಾಡಿ.

ಮೊದಲು ಏನು ತೀರ್ಮಾನಿಸಬೇಕು? ಚಂದ್ರನ ಗಾತ್ರವಾ, ದೂರವಾ?

ಎರಡೂ ಅಲ್ಲ. ನಿಮ್ಮ ಕತೆಯ ಜನ ನಿಂತಿರುವ ಜಾಗಕ್ಕೆ ಚಂದ್ರ ಏನು ಮಾಡಬೇಕು ಅನ್ನುವುದು.

ನಮ್ಮ ಊರನ್ನೇ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಬಂದಾಗ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇಳಿದಾಗ ಹೊಳೆಯಲ್ಲಿ ಮರುವಾಯಿ, ಅಂದ್ರೆ ಚಿಪ್ಪುಮೀನು ಹೆಕ್ಕುತ್ತಾರೆ. ಹೊಳೆ ಕಡಲು ಸೇರುವ ಅಳಿವೆ ಬಾಗಿಲು ದಾಟುವ ದೋಣಿಯವರು ನೀರಿನ ಹೊತ್ತು ನೋಡಿಯೇ ಹೊರಡುತ್ತಾರೆ. ಬೇಸಿಗೆಯಲ್ಲಿ ಉಪ್ಪು ನೀರು ಹೊಳೆಯೊಳಗೆ ನುಗ್ಗಿ ಗದ್ದೆ, ಬಾವಿ ಹಾಳಾಗಬಾರದು ಅಂತ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುತ್ತಾರೆ. ಇಷ್ಟೆಲ್ಲ ನಡೆಯುವುದು ಎಷ್ಟು ಉಬ್ಬರಕ್ಕೆ ಗೊತ್ತಾ? ಜಾಸ್ತಿ ಏರುವ ದಿನಗಳಲ್ಲೂ ನಮ್ಮ ಕಡೆ ಏರಿಳಿತದ ಅಂತರ ಒಂದೂವರೆ ಮೀಟರ್ ಆಸುಪಾಸು ಅಷ್ಟೇ. ಅದೇ ಚಂದ್ರ, ಅದೇ ಅರಬ್ಬೀ ಸಮುದ್ರ, ಆದರೆ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅಂತರ 10 ಮೀಟರ್ ಮೀರುತ್ತದೆ, ಯಾಕೆಂದರೆ ಅಲ್ಲಿ ಕೊಲ್ಲಿ ಒಳಗೆ ಹೋಗುತ್ತಾ ಕಿರಿದಾಗಿ, ತಳ ಆಳ ಕಮ್ಮಿಯಾಗಿ, ಬಂದ ನೀರಿಗೆ ಮೇಲೇರುವುದು ಬಿಟ್ಟು ಬೇರೆ ದಾರಿ ಇಲ್ಲ. ಅಂದ್ರೆ ಚಂದ್ರ ಅರ್ಧ ಕೆಲಸ ಮಾಡಿದರೆ ಉಳಿದ ಅರ್ಧ ಮಾಡುವುದು ಕರಾವಳಿಯ ಆಕಾರ. ನಿಮ್ಮ ನಕ್ಷೆ ಬಿಡಿಸುವಾಗ ಇದು ನೆನಪಿರಲಿ.

ಹಾಗಾಗಿ ಮೊದಲು ಮೂರು ವಿಷಯ ಬರೆದಿಟ್ಟುಕೊಳ್ಳಿ. ನೀರು ಎಷ್ಟು ಏರಬೇಕು, ರಾತ್ರಿ ಎಷ್ಟು ಬೆಳಕಿರಬೇಕು, ಜನ ತಿಂಗಳು ಹೇಗೆ ಎಣಿಸಬೇಕು. ಗಾತ್ರ, ದೂರ ಎಲ್ಲ ಇವುಗಳಿಂದಲೇ ಹೊರಡುತ್ತದೆ.

ಅರ್ಧ ಆಕಾಶ ತುಂಬುವಂಥ ದೊಡ್ಡ ಚಂದ್ರ ಬೇಕು. ಆಗುತ್ತಾ?

ಇದು ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ. ಮುಖಪುಟಕ್ಕೆ ಚೆನ್ನಾಗಿ ಕಾಣುತ್ತದೆ, ಒಪ್ಪಿದೆ. ಲೆಕ್ಕ ಮಾತ್ರ ಒಪ್ಪುವುದಿಲ್ಲ.

ಆಕಾಶದಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ತಿಳಿಯಲು ಚಂದ್ರನ ವ್ಯಾಸವನ್ನು ದೂರದಿಂದ ಭಾಗಿಸಿ 57.3ರಿಂದ ಗುಣಿಸಿ. ಡಿಗ್ರಿಯಲ್ಲಿ ಉತ್ತರ ಬರುತ್ತದೆ. ನಮ್ಮ ಚಂದ್ರನ ವ್ಯಾಸ 3,474 ಕಿ.ಮೀ., ಸರಾಸರಿ ದೂರ 3,84,400 ಕಿ.ಮೀ. ಉತ್ತರ ಸುಮಾರು ಅರ್ಧ ಡಿಗ್ರಿ. ಕೈ ಉದ್ದಕ್ಕೆ ಚಾಚಿದರೆ ನಿಮ್ಮ ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ, ಅಂದ್ರೆ ಅರ್ಧ ಕಿರುಬೆರಳು ಸಾಕು ಇಡೀ ಹುಣ್ಣಿಮೆ ಚಂದ್ರನನ್ನು ಮುಚ್ಚಲು. ನಂಬಿಕೆ ಬರದಿದ್ದರೆ ಮುಂದಿನ ಹುಣ್ಣಿಮೆಗೆ ನೋಡಿ.

ಈಗ ನಿಜವಾದ ವಿಷಯ. ಚಂದ್ರ ಉಬ್ಬರ ಎಬ್ಬಿಸುವ ಶಕ್ತಿ ದೂರದ ಘನಕ್ಕೆ ತಕ್ಕಂತೆ ಕಮ್ಮಿಯಾಗುತ್ತದೆ. ದೂರ ಅರ್ಧ ಮಾಡಿದರೆ ಉಬ್ಬರ ಎಂಟು ಪಟ್ಟು. ದೂರ ಹಾಗೇ ಇಟ್ಟು ಚಂದ್ರನ ವ್ಯಾಸ ಎರಡು ಪಟ್ಟು ಮಾಡಿದರೆ? ತೂಕ ಎಂಟು ಪಟ್ಟು ಆಗುತ್ತದೆ, ಆಗಲೂ ಉಬ್ಬರ ಎಂಟು ಪಟ್ಟು. ಎರಡು ದಾರಿಯಲ್ಲೂ ಆಕಾಶದಲ್ಲಿ ಕಾಣುವ ಅಗಲ ಎರಡು ಪಟ್ಟು ಆಗಿದೆ ಅಲ್ವಾ? ಹಾಗಾಗಿ ಒಂದೇ ಸೂತ್ರ ಸಾಕು: ಒಂದೇ ಸಾಂದ್ರತೆಯ ಚಂದ್ರರಾದರೆ, ಕಾಣುವ ಅಗಲ ಎಷ್ಟು ಪಟ್ಟೋ ಅದರ ಘನದಷ್ಟು ಪಟ್ಟು ಉಬ್ಬರ. ಈ ಇಡೀ ಪುಟದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಸರಿ ಇದೆಯಾ ಅಂತ ನೋಡಲು ಸೂರ್ಯನನ್ನು ಹಿಡಿಯಿರಿ. ನಮ್ಮ ಆಕಾಶದಲ್ಲಿ ಸೂರ್ಯ, ಚಂದ್ರ ಹೆಚ್ಚುಕಡಿಮೆ ಒಂದೇ ಅಗಲ. ಆದರೆ ಸೂರ್ಯನ ಸಾಂದ್ರತೆ ಚಂದ್ರನದ್ದರ ಅರ್ಧಕ್ಕಿಂತ ಕಮ್ಮಿ, ಮತ್ತು ಉಬ್ಬರದಲ್ಲಿ ಸೂರ್ಯನ ಪಾಲೂ ಚಂದ್ರನ ಪಾಲಿನ ಅರ್ಧಕ್ಕಿಂತ ಸ್ವಲ್ಪ ಕಮ್ಮಿಯೇ.

ಬರೀ ಮೂರು ಪಟ್ಟು ಅಗಲದ ಚಂದ್ರನನ್ನು ಇಟ್ಟರೂ ಉಬ್ಬರ 27 ಪಟ್ಟು. ನಮ್ಮ ಕಡೆ ಚಂದ್ರನ ಪಾಲು ಒಂದು ಮೀಟರ್ ಅಂತ ಹಿಡಿದು ನೇರ ಗುಣಿಸಿದರೆ 27 ಮೀಟರ್. ನಿಜವಾದ ಕಡಲು ಅಷ್ಟು ನೇರವಾಗಿ ನಡೆದುಕೊಳ್ಳುವುದಿಲ್ಲ, ಆದರೂ ಬೆಂಗ್ರೆ, ಬಂದರು, ದಕ್ಕೆ ಎಲ್ಲ ದಿನಕ್ಕೆ ಎರಡು ಸಲ ಮುಳುಗಿ ಏಳಬೇಕು. ಅಂಥ ಲೋಕದಲ್ಲಿ ಕಡಲ ಬದಿಯಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಮೀನುಗಾರರು ಗುಡ್ಡದ ಮೇಲಿರುತ್ತಾರೆ, ದೋಣಿಗಳನ್ನು ಕೆಸರಿನಲ್ಲಿ ಮೈಲಿಗಟ್ಟಲೆ ಎಳೆಯುತ್ತಾರೆ. ಅದು ಬೇಕಿದ್ದರೆ ಬರೆಯಿರಿ, ಒಳ್ಳೆಯ ಕತೆಯೇ ಆಗುತ್ತದೆ. ಚಿತ್ರದಲ್ಲಿ ದೈತ್ಯ ಚಂದ್ರ, ಕೆಳಗೆ ಶಾಂತವಾದ ಕಡಲು, ಬದಿಯಲ್ಲಿ ತೆಂಗಿನ ತೋಟ ಇಟ್ಟರೆ ಮಾತ್ರ ನಾನು ಕೇಳಿಯೇ ಕೇಳುತ್ತೇನೆ.

ಅರ್ಧ ಆಕಾಶದ ಮಾತು ಮುಂದಿನ ಉತ್ತರದಲ್ಲಿ ಮುಗಿಯುತ್ತದೆ.

ಚಂದ್ರನನ್ನು ಎಷ್ಟು ಹತ್ತಿರ ತರಬಹುದು?

ರೋಶ್ ಮಿತಿಯ ತನಕ. ಅದರ ಒಳಗೆ ಬಂದರೆ ಗ್ರಹದ ಎಳೆತ ಚಂದ್ರನನ್ನು ಹರಿದು ಹಾಕುತ್ತದೆ. ಭೂಮಿ ಮತ್ತು ನಮ್ಮ ಚಂದ್ರನ ಲೆಕ್ಕದಲ್ಲಿ ಈ ಮಿತಿ ಭೂಮಿಯ ಕೇಂದ್ರದಿಂದ ಸುಮಾರು 18,000 ಕಿ.ಮೀ. ಚಂದ್ರನನ್ನು ಅಲ್ಲಿಯ ತನಕ ಎಳೆದು ತಂದರೂ ನೆತ್ತಿಯ ಮೇಲೆ ಬಂದಾಗ ಅವನು ಕಾಣುವುದು 16-17 ಡಿಗ್ರಿ ಅಗಲ. ದಿಗಂತದಿಂದ ದಿಗಂತಕ್ಕೆ 180 ಡಿಗ್ರಿ. ಅರ್ಧ ಆಕಾಶ ಎಲ್ಲಿಂದ ಬರಬೇಕು?

ದೊಡ್ಡ ಬಿಲ್ಲೆ ಬೇಕೇ ಬೇಕು ಅಂದ್ರೆ ಕತೆಯನ್ನು ಚಂದ್ರನ ಮೇಲೆ ಇಡಿ, ಗ್ರಹವನ್ನು ಆಕಾಶದಲ್ಲಿ ಇಡಿ. ಅದನ್ನು ಕೆಳಗೆ ಹೇಳಿದ್ದೇನೆ.

ಎಷ್ಟು ದೂರ ಇಡಬಹುದು?

ಜಾಸ್ತಿ ದೂರ ಹೋದರೆ ಸೂರ್ಯ ಕಿತ್ತುಕೊಂಡು ಹೋಗುತ್ತಾನೆ. ಭೂಮಿಯ ಹಿಡಿತ ಇರುವುದು ಸುಮಾರು 15 ಲಕ್ಷ ಕಿ.ಮೀ. ತನಕ. ಬಹುಕಾಲ ನಿಲ್ಲಬೇಕಾದರೆ ಅದರ ಅರ್ಧದೊಳಗೆ, ಮೂರನೇ ಒಂದು ಭಾಗದೊಳಗೆ ಇದ್ದರೆ ಇನ್ನೂ ಕ್ಷೇಮ. ಗ್ರಹ ತನ್ನ ಸೂರ್ಯನಿಗೆ ಹತ್ತಿರ ಇದ್ದಷ್ಟೂ ಈ ಹಿಡಿತ ಕುಗ್ಗುತ್ತದೆ. ಬುಧ, ಶುಕ್ರ ಎರಡಕ್ಕೂ ಚಂದ್ರನೇ ಇಲ್ಲ. ದೂರದಲ್ಲಿರುವ ಶನಿಗೆ 2025ರ ಮಾರ್ಚ್ ಹೊತ್ತಿಗೆ ಲೆಕ್ಕ 274ಕ್ಕೆ ಮುಟ್ಟಿತು. ಆದರೆ ಅವುಗಳಲ್ಲಿ ಹೆಚ್ಚಿನವು ಕೆಲವೇ ಕಿ.ಮೀ. ಅಗಲದ ಬಂಡೆಗಳು, ಹುಣ್ಣಿಮೆ ಮಾಡುವ ಯೋಗ್ಯತೆ ಇರುವವಲ್ಲ.

ತಿಂಗಳಿಗೆ ಎಷ್ಟು ದಿನ ಅಂತ ಹೇಗೆ ಲೆಕ್ಕ ಹಾಕುವುದು?

ಖಗೋಳ ವಿಜ್ಞಾನಿ ಕೆಪ್ಲರ್ ಹೇಳಿದ ನಿಯಮ: ಸುತ್ತುವ ಕಾಲದ ವರ್ಗ, ದೂರದ ಘನಕ್ಕೆ ಸಮಪ್ರಮಾಣ. ಕೆಲಸಕ್ಕೆ ಬರುವ ರೂಪ ಇದು. ನಿಮ್ಮ ಚಂದ್ರನ ದೂರವನ್ನು 3,84,400ರಿಂದ ಭಾಗಿಸಿ. ಬಂದದ್ದನ್ನು ಅದರದ್ದೇ ವರ್ಗಮೂಲದಿಂದ ಗುಣಿಸಿ. ಮತ್ತೆ 27.3ರಿಂದ ಗುಣಿಸಿ. ಭೂಮಿಯಷ್ಟೇ ತೂಕದ ಗ್ರಹಕ್ಕೆ ಅಷ್ಟು ದಿನ. ಗ್ರಹದ ತೂಕ ನಾಲ್ಕು ಪಟ್ಟಾದರೆ ದಿನಗಳು ಅರ್ಧ. ದೂರ ಅರ್ಧ ಮಾಡಿದರೆ 27.3 ದಿನ ಇದ್ದದ್ದು ಸುಮಾರು 9.7 ದಿನಕ್ಕೆ ಇಳಿಯುತ್ತದೆ.

ಇಲ್ಲೊಂದು ಸಣ್ಣ ತೊಡಕು. 27.3 ದಿನ ಅನ್ನುವುದು ನಕ್ಷತ್ರಗಳ ಲೆಕ್ಕದಲ್ಲಿ ಒಂದು ಸುತ್ತು. ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ, ಯಾಕೆಂದರೆ ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಮುಂದೆ ಹೋಗಿರುತ್ತದೆ. ನಿಮ್ಮ ಜನ ಎಣಿಸುವುದು ಎರಡನೆಯದನ್ನೇ. 1ನ್ನು ಸುತ್ತಿನ ದಿನಗಳಿಂದ ಭಾಗಿಸಿ, ಅದರಿಂದ 1ನ್ನು ವರ್ಷದ ದಿನಗಳಿಂದ ಭಾಗಿಸಿದ್ದನ್ನು ಕಳೆಯಿರಿ, ಉಳಿದದ್ದನ್ನು ತಲೆಕೆಳಗು ಮಾಡಿ. ಕ್ಯಾಲ್ಕುಲೇಟರ್ ಇದ್ದರೆ ಅರ್ಧ ನಿಮಿಷದ ಕೆಲಸ.

ಎರಡು ಚಂದ್ರ ಇಟ್ಟರೆ ಏನಾಗುತ್ತದೆ?

ಎರಡನ್ನೂ ಒಂದೇ ಗಾತ್ರ ಮಾಡಬೇಡಿ. ಇಬ್ಬರೂ ನಮ್ಮ ಚಂದ್ರನಷ್ಟು ಭಾರ ಇದ್ದರೆ, ಹೊರಗಿನದ್ದರ ದೂರ ಒಳಗಿನದ್ದರ ಎರಡು ಪಟ್ಟಿಗಿಂತ ಜಾಸ್ತಿ ಇರಲೇಬೇಕು, ಇಲ್ಲದಿದ್ದರೆ ಒಬ್ಬರನ್ನೊಬ್ಬರು ಎಳೆದಾಡಿ ಒಂದು ದಿನ ಡಿಕ್ಕಿ ಆಗುತ್ತದೆ ಅಥವಾ ಒಂದು ಹೊರಗೆ ಎಸೆಯಲ್ಪಡುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು ಇಟ್ಟರೆ ಕೆಲಸ ಸುಲಭ.

ಒಂದು ಉದಾಹರಣೆ ಮಾಡಿಯೇ ಬಿಡೋಣ. ಗ್ರಹ ಭೂಮಿಯಷ್ಟೇ. ಹೊರಗಿನ ಚಂದ್ರ ನಮ್ಮದರಂತೆಯೇ, 4,00,000 ಕಿ.ಮೀ. ದೂರದಲ್ಲಿ. ಒಳಗಿನದ್ದು 1,000 ಕಿ.ಮೀ. ವ್ಯಾಸ, 1,60,000 ಕಿ.ಮೀ. ದೂರ. ಒಳಗಿನದ್ದು 7.3 ದಿನಕ್ಕೆ ಒಂದು ಸುತ್ತು, ಹೊರಗಿನದ್ದು 29 ದಿನಕ್ಕೆ. ಹುಣ್ಣಿಮೆಯ ಲೆಕ್ಕದಲ್ಲಿ ಒಳಗಿನದ್ದಕ್ಕೆ ಏಳೂವರೆ ದಿನ, ಹೊರಗಿನದ್ದಕ್ಕೆ ಮೂವತ್ತೊಂದೂವರೆ. ನೋಡಿದಿರಾ, ಯಾರೂ ಹೇಳಿಕೊಡದೆ ಆ ಜನರಿಗೆ ಒಂದು ವಾರ ಸಿಕ್ಕಿತು! ಒಳಗಿನ ಚಂದ್ರ ಆಕಾಶದಲ್ಲಿ ನಮ್ಮ ಚಂದ್ರನ ಮೂರನೇ ಎರಡು ಭಾಗದಷ್ಟು ಅಗಲ ಕಾಣುತ್ತದೆ, ಘನ ಸೂತ್ರ ಹಾಕಿದರೆ ಉಬ್ಬರದಲ್ಲಿ ಅದರ ಪಾಲು ನಮ್ಮ ಚಂದ್ರನ ಮೂರನೇ ಒಂದು. ನಮ್ಮ ಚಂದ್ರ ದಿನಕ್ಕೆ 50 ನಿಮಿಷ ತಡವಾಗಿ ಹುಟ್ಟಿದರೆ ಇದು ಮೂರೂ ಮುಕ್ಕಾಲು ಗಂಟೆಯ ಹತ್ತಿರ ತಡ ಮಾಡುತ್ತದೆ. ಸಂಜೆ ಆರಕ್ಕೆ ಹುಟ್ಟಿದ್ದು ಮಾರನೇ ದಿನ ರಾತ್ರಿ ಹತ್ತರ ಹತ್ತಿರ.

ಇಬ್ಬರೂ ಸುಮಾರು ಹತ್ತು ದಿನಕ್ಕೊಮ್ಮೆ ಆಕಾಶದಲ್ಲಿ ಒಂದೇ ಕಡೆ ಬರುತ್ತಾರೆ. ಆ ದಿನ ಅಮಾವಾಸ್ಯೆಯೋ ಹುಣ್ಣಿಮೆಯೋ ಸೇರಿಕೊಂಡರೆ ಸೂರ್ಯನದ್ದೂ ಸೇರಿ ಮೂರು ಎಳೆತ ಒಟ್ಟಿಗೆ. ಉಳ್ಳಾಲ, ಸೋಮೇಶ್ವರದಲ್ಲಿ ಮಳೆಗಾಲದ ಕಡಲ್ಕೊರೆತ ನೋಡಿದವರಿಗೆ ಹೇಳಬೇಕಾಗಿಲ್ಲ, ಅಂಥ ದಿನ ಜೂನ್ ತಿಂಗಳ ಗಾಳಿಮಳೆಗೆ ಸಿಕ್ಕಿದರೆ ಏನು ಕತೆ ಅಂತ. ಆ ಲೋಕದಲ್ಲಿ ಈ ದಿನಗಳನ್ನು ಮುಂಚೆಯೇ ಲೆಕ್ಕ ಹಾಕಿ ಹೇಳುವವನಿಗೆ ರಾಜನಿಗಿಂತ ಜಾಸ್ತಿ ಮರ್ಯಾದೆ ಇರುತ್ತದೆ. ನಿಮಗೊಂದು ಪಾತ್ರ ಪುಕ್ಕಟೆ.

ಹಾಗಾದರೆ ಅವರ ಪಂಚಾಂಗ ಹೇಗಿರುತ್ತದೆ?

ಗೋಜಲಾಗಿ. ಗೋಜಲಾಗಿಯೇ ಇರಲಿ. ನಮ್ಮ ಊರಲ್ಲೇ ಎಷ್ಟು ಲೆಕ್ಕ ಒಟ್ಟೊಟ್ಟಿಗೆ ನಡೆಯುತ್ತದೆ ನೋಡಿ. ತುಳುವರ ತಿಂಗಳು ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಅಂತ ಸಂಕ್ರಮಣದಿಂದ ಸಂಕ್ರಮಣಕ್ಕೆ ಹೋಗುತ್ತದೆ, ಅಂದ್ರೆ ಸೂರ್ಯನ ಲೆಕ್ಕ. ಆದರೆ ಅದೇ ಆಟಿ ತಿಂಗಳಲ್ಲಿ ಪಾಲೆ ಮರದ ಕಷಾಯ ಕುಡಿಯಬೇಕಾದ ದಿನ ಅಮಾವಾಸ್ಯೆ, ಅದು ಚಂದ್ರನ ಲೆಕ್ಕ. ಘಟ್ಟದ ಮೇಲಿನವರು ಯುಗಾದಿ ಚಂದ್ರ ನೋಡಿ ಮಾಡಿದರೆ ಇಲ್ಲಿ ವಿಷುವಿಗೆ ಕಣಿ ಇಡುತ್ತಾರೆ. ರಂಜಾನ್ ಶುರುವಾಗಬೇಕಾದರೆ ಎಳೆ ಚಂದ್ರ ಕಾಣಬೇಕು, ಪಡುವಣದಲ್ಲಿ ಮೋಡ ಇದ್ದರೆ ಆ ಸಂಜೆ ಎಲ್ಲರೂ ಫೋನ್ ಹಿಡಿದು ಕಾಯುತ್ತಾರೆ. ಆಫೀಸಿನ ಗೋಡೆಯ ಮೇಲೆ ಜನವರಿ, ಫೆಬ್ರವರಿ. ಯಾರಿಗೂ ಇದರಿಂದ ತಲೆ ಕೆಟ್ಟಿಲ್ಲ.

ನಿಮ್ಮ ಲೋಕದಲ್ಲೂ ಹಾಗೇ ಮಾಡಿ. ಕಡಲಿಗೆ ಹೋಗುವವರು ಚಿಕ್ಕ ಚಂದ್ರನನ್ನು ನೋಡಲಿ, ಗದ್ದೆಯವರು ಸೂರ್ಯನನ್ನು, ಸಾಲ ಕೊಡುವವರು ದೊಡ್ಡ ಚಂದ್ರನನ್ನು. ಬಡ್ಡಿ ಯಾವ ಚಂದ್ರನ ತಿಂಗಳಿಗೆ ಅನ್ನುವುದರ ಮೇಲೆ ಒಂದು ಜಗಳ ಇಟ್ಟರೆ ಓದುವವರಿಗೆ ಆ ಎರಡು ಚಂದ್ರ ಮರೆಯುವುದೇ ಇಲ್ಲ. ಹತ್ತು ಪುಟದ ವರ್ಣನೆಗಿಂತ ಇದು ವಾಸಿ.

ಪಡುವಣದಲ್ಲಿ ಹುಟ್ಟಿ ಮೂಡಣದಲ್ಲಿ ಮುಳುಗುವ ಚಂದ್ರ ಇರಬಹುದಾ?

ಇದೆ. ಮಂಗಳ ಗ್ರಹದ ಫೋಬೋಸ್. ಮಂಗಳ ತನ್ನ ಸುತ್ತ ತಾನು ತಿರುಗುವುದಕ್ಕಿಂತ ಬೇಗ, 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಭೂಮಿಯಂಥ ಗ್ರಹಕ್ಕೆ ಇದು ಬೇಕಾದರೆ ಕೇಂದ್ರದಿಂದ ಸುಮಾರು 42,000 ಕಿ.ಮೀ. ಒಳಗೆ ಇಡಬೇಕು. ಆದರೆ ಘನ ಸೂತ್ರ ಮರೆಯಬೇಡಿ, ಅಷ್ಟು ಹತ್ತಿರ ಇಡುವುದಾದರೆ ಚಂದ್ರ ಚಿಕ್ಕದೇ ಇರಬೇಕು. ಫೋಬೋಸ್ ಕೂಡ 22 ಕಿ.ಮೀ. ಆಸುಪಾಸಿನ ಅಡ್ಡಾದಿಡ್ಡಿ ಬಂಡೆ, ಉಂಡೆಯಲ್ಲ. ಇಂಥ ಚಂದ್ರ ನಿಧಾನವಾಗಿ ಗ್ರಹದ ಕಡೆಗೆ ಇಳಿಯುತ್ತಾ ಬರುತ್ತದೆ. ಫೋಬೋಸ್ ನೂರು ವರ್ಷಕ್ಕೆ ಸುಮಾರು 1.8 ಮೀಟರ್ ಇಳಿಯುತ್ತಿದೆ. ನಮ್ಮ ಚಂದ್ರ ಇದಕ್ಕೆ ಉಲ್ಟಾ, ವರ್ಷಕ್ಕೆ 3.8 ಸೆಂ.ಮೀ. ದೂರ ಹೋಗುತ್ತಿದ್ದಾನೆ.

ಹಿಮ್ಮುಖವಾಗಿ, ಅಂದ್ರೆ ಗ್ರಹ ತಿರುಗುವ ದಿಕ್ಕಿಗೆ ಉಲ್ಟಾ ಸುತ್ತಿಸಿದರೆ ಆಗುವುದಿಲ್ಲ. ನೆಪ್ಚೂನಿನ ಟ್ರೈಟನ್ ಹಾಗೆ ಸುತ್ತುತ್ತದೆ, ಅದು ಎಲ್ಲಿಂದಲೋ ಬಂದು ಸಿಕ್ಕಿಬಿದ್ದದ್ದು ಅಂತ ಅಂದಾಜು. ಆದರೆ ಎಷ್ಟೇ ದೂರದಲ್ಲಿ ಹಿಮ್ಮುಖ ಸುತ್ತಿದರೂ ಹುಟ್ಟುವುದು ಮೂಡಣದಲ್ಲೇ. ದಿನಾ ತಡವಾಗುವ ಬದಲು ದಿನಾ ಬೇಗ ಹುಟ್ಟುತ್ತದೆ, ಅಷ್ಟೇ ವ್ಯತ್ಯಾಸ.

ಬಣ್ಣದ ಚಂದ್ರ? ನೀಲಿ, ಕೆಂಪು?

ನಮ್ಮ ಚಂದ್ರನ ಮೈ ನಿಜಕ್ಕೂ ಹಳೇ ಡಾಂಬರು ರಸ್ತೆಯಷ್ಟು ಕಪ್ಪು, ಬಿದ್ದ ಬೆಳಕಿನಲ್ಲಿ 12 ಶೇಕಡಾ ಮಾತ್ರ ವಾಪಸ್ ಕಳಿಸುತ್ತದೆ. ಸುತ್ತ ಕತ್ತಲೆ ಇರುವುದರಿಂದ ನಮಗೆ ಬೆಳ್ಳಗೆ ಕಾಣುತ್ತದೆ. ಶನಿಯ ಎನ್ಸೆಲಾಡಸ್ ತರ ಹಿಮ ಮೆತ್ತಿದ ಚಂದ್ರನಾದರೆ ಅದೇ ಗಾತ್ರಕ್ಕೆ ಆರೇಳು ಪಟ್ಟು ಬೆಳಕು. ಆದರೆ ಭೂಮಿಯಷ್ಟು ಬೆಚ್ಚಗಿನ ಜಾಗದಲ್ಲಿ, ಗಾಳಿ ಇಲ್ಲದ ಚಂದ್ರನ ಮೇಲೆ ಬಯಲು ಹಿಮ ನಿಲ್ಲುವುದಿಲ್ಲ. ಹಳದಿ ಬೇಕಿದ್ದರೆ ಗುರುವಿನ ಅಯೋ ಇದೆ, ಅದು ಗಂಧಕದ ಬಣ್ಣ. ಶನಿಯ ದಟ್ಟ ಗಾಳಿಯ ಚಂದ್ರ ಟೈಟನ್ ಕಿತ್ತಳೆ. ನನಗೆ ಇಷ್ಟ ಶನಿಯ ಇಯಾಪೆಟಸ್. ಅದರ ಒಂದು ಮಗ್ಗುಲು ಕಪ್ಪು, ಇನ್ನೊಂದು ಬಿಳಿ, ಹಾಗಾಗಿ ಶನಿಯ ಒಂದು ಬದಿಯಲ್ಲಿ ಇದ್ದಾಗ ಹೊಳೆಯುತ್ತದೆ, ಇನ್ನೊಂದು ಬದಿಗೆ ಬಂದಾಗ ಮಂಕಾಗುತ್ತದೆ. ಇಂಥದ್ದನ್ನು ಯಾರೂ ಕತೆಯಲ್ಲಿ ಬಳಸುವುದಿಲ್ಲ. ಎಲ್ಲರಿಗೂ ಕೆಂಪೇ ಬೇಕು.

ಗ್ರಹಣ ಪ್ರತಿ ತಿಂಗಳು ಆಗುವ ಹಾಗೆ ಮಾಡಬಹುದಾ?

ಮಾಡಬಹುದು, ಕಕ್ಷೆಯ ಓರೆ ತೆಗೆದುಬಿಡಿ. ನಮ್ಮ ಚಂದ್ರನ ಕಕ್ಷೆ 5 ಡಿಗ್ರಿ ಓರೆ ಇರುವುದರಿಂದಲೇ ಪ್ರತಿ ಅಮಾವಾಸ್ಯೆಗೆ ಗ್ರಹಣ ಇಲ್ಲ. ಆದರೆ ತಿಂಗಳಿಗೊಮ್ಮೆ ಆಗುವ ಗ್ರಹಣಕ್ಕೆ ಯಾರೂ ಹೆದರುವುದಿಲ್ಲ. ಆಗ ಅದು ಬರೀ ಹವಾಮಾನ. 2019ರ ಡಿಸೆಂಬರ್ 26ರಂದು ಬೆಳಿಗ್ಗೆ ಕಾಸರಗೋಡು, ಮಂಗಳೂರು ಕಡೆ ಕಂಕಣ ಗ್ರಹಣ ಕಂಡಿತ್ತಲ್ಲ, ಆ ದಿನದ ಬೀದಿ ಎಷ್ಟು ಖಾಲಿ ಇತ್ತು ಅಂತ ನೆನಪು ಮಾಡಿಕೊಳ್ಳಿ. ಆ ಖಾಲಿತನ ಬೇಕಿದ್ದರೆ ಗ್ರಹಣ ಅಪರೂಪವಾಗಿಯೇ ಇರಲಿ.

ಚಂದ್ರನ ಮೇಲೆಯೇ ಜನ ವಾಸ ಮಾಡಿದರೆ?

ಇದು ಬೇರೆಯೇ ಕಸುಬು. ಮೊದಲ ನಿಯಮ: ದೊಡ್ಡ ಚಂದ್ರರೆಲ್ಲ ಗ್ರಹಕ್ಕೆ ಒಂದೇ ಮುಖ ತೋರಿಸುತ್ತವೆ. ಹಾಗಾಗಿ ಅಲ್ಲಿನ ಆಕಾಶದಲ್ಲಿ ಗ್ರಹ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಒಂದು ಊರಿಗೆ ನೆತ್ತಿಯ ಮೇಲೆ, ಇನ್ನೊಂದು ಊರಿಗೆ ಗುಡ್ಡದ ತುದಿಯಲ್ಲಿ, ಹಿಂದಿನ ಬದಿಯವರಿಗೆ ಕಾಣುವುದೇ ಇಲ್ಲ. ದಿಕ್ಕು ಹೇಳಲು ಇದಕ್ಕಿಂತ ಸುಲಭ ಏನಿದೆ? ಅಯೋದಿಂದ ಗುರು 19 ಡಿಗ್ರಿಗಿಂತ ಅಗಲ ಕಾಣುತ್ತದೆ, ನಮ್ಮ ಹುಣ್ಣಿಮೆ ಚಂದ್ರನ ಸುಮಾರು ನಲವತ್ತು ಪಟ್ಟು. ಒಂದು ಹಗಲು, ಒಂದು ರಾತ್ರಿ ಸೇರಿದರೆ ಒಂದು ಸುತ್ತು. ಅಯೋಗೆ 1.77 ದಿನ, ಗುರುವಿನ ಇನ್ನೆರಡು ಚಂದ್ರರಾದ ಯುರೋಪಾಕ್ಕೆ 3.55, ಗ್ಯಾನಿಮೀಡ್‌ಗೆ 7.15. ಮೂರೂ ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಅಂತ ತಾಳ ಹಿಡಿದು ಸುತ್ತುತ್ತವೆ. ಆ ತಾಳದಿಂದ ಅಯೋ ಕಕ್ಷೆ ಪೂರ್ತಿ ದುಂಡಗಾಗದೆ, ಗುರುವಿನ ಎಳೆತಕ್ಕೆ ಅದರ ಒಳಗೆಲ್ಲ ಬಿಸಿ ಹುಟ್ಟುತ್ತದೆ. 1979ರಲ್ಲಿ ವಾಯೇಜರ್ 1 ನೌಕೆ ಕಳಿಸಿದ ಚಿತ್ರಗಳಲ್ಲಿ ಅಲ್ಲಿನ ಜ್ವಾಲಾಮುಖಿ ಕಂಡದ್ದು ಹೀಗೆ.

ತೊಂದರೆ ಗಾತ್ರದ್ದು. ಎಲ್ಲಕ್ಕಿಂತ ದೊಡ್ಡ ಚಂದ್ರ ಗ್ಯಾನಿಮೀಡ್ 5,268 ಕಿ.ಮೀ. ವ್ಯಾಸ, ಬುಧನಿಗಿಂತ ದೊಡ್ಡದು, ಆದರೂ ತೂಕ ಭೂಮಿಯ ನಲವತ್ತರಲ್ಲಿ ಒಂದು ಪಾಲು. ನಮ್ಮ ದೊಡ್ಡ ಗ್ರಹಗಳ ಚಂದ್ರರೆಲ್ಲ ಸೇರಿದರೂ ಗ್ರಹದ ತೂಕದ ಹತ್ತು ಸಾವಿರದಲ್ಲಿ ಒಂದು ಪಾಲು ಆಸುಪಾಸು. ಈ ಲೆಕ್ಕದಲ್ಲಿ ಮಂಗಳನಷ್ಟು ದೊಡ್ಡ ಚಂದ್ರ ಬೇಕಾದರೆ ಗುರುವಿನ ಮೂರು ಪಟ್ಟಿಗಿಂತ ಜಾಸ್ತಿ ತೂಕದ ಗ್ರಹ ಬೇಕು. ಭೂಮಿಯಷ್ಟು ದೊಡ್ಡದು ಬೇಕಿದ್ದರೆ ಟ್ರೈಟನ್ ತರ ಸಿಕ್ಕಿಬಿದ್ದದ್ದು ಅಂತ ಕತೆ ಕಟ್ಟಿ.

ಕಡಲೂ ಶಾಂತ, ಚಂದ್ರನೂ ದೊಡ್ಡದು. ಏನಾದರೂ ಉಪಾಯ?

ಒಂದು ಇದೆ. ಪ್ಲೂಟೋ ಮತ್ತು ಅದರ ಚಂದ್ರ ಶಾರನ್ ಒಬ್ಬರಿಗೊಬ್ಬರು ಒಂದೇ ಮುಖ ತೋರಿಸಿಕೊಂಡೇ 6.4 ದಿನಕ್ಕೊಮ್ಮೆ ಸುತ್ತುತ್ತವೆ. ನಿಮ್ಮ ಗ್ರಹ, ಚಂದ್ರ ಹೀಗೆ ಕಟ್ಟಿಹಾಕಿಕೊಂಡರೆ ನೀರು ಉಬ್ಬಿದಲ್ಲೇ ಉಬ್ಬಿ ನಿಲ್ಲುತ್ತದೆ, ಏರಿಳಿತ ಇಲ್ಲ, ಸೂರ್ಯನ ಸಣ್ಣ ಉಬ್ಬರ ಮಾತ್ರ. ಬೆಲೆ ಏನೆಂದರೆ ದಿನವೇ ತಿಂಗಳಷ್ಟು ಉದ್ದ, ಮತ್ತು ಗ್ರಹದ ಅರ್ಧ ಜನರಿಗೆ ಚಂದ್ರ ಇದೆ ಅನ್ನುವುದೇ ಗೊತ್ತಿಲ್ಲ. ಆ ಅರ್ಧದಿಂದ ಮೊದಲ ಸಲ ಹಡಗಿನಲ್ಲಿ ಹೊರಟವರು ದಿಗಂತದಲ್ಲಿ ಏನನ್ನು ನೋಡುತ್ತಾರೆ? ಇದನ್ನು ಯಾರಾದರೂ ಬರೆಯಿರಪ್ಪ, ನಾನು ಮೊದಲು ಓದುತ್ತೇನೆ.

ಚಂದ್ರನಿಗೇ ಒಂದು ಚಂದ್ರ?

ಇಲ್ಲಿಯ ತನಕ ಒಂದೂ ಕಂಡಿಲ್ಲ. ಚಂದ್ರ ದೊಡ್ಡದಾಗಿ, ಗ್ರಹದಿಂದ ತುಂಬಾ ದೂರ ಇದ್ದು, ಮರಿ ಚಂದ್ರ ತೀರಾ ಚಿಕ್ಕದಾದರೆ ನಿಲ್ಲಬಹುದು.

ಒಡೆದ ಚಂದ್ರ, ಉಂಗುರ?

ಒಡೆದು ಅರ್ಧ ತುಂಡು ತೇಲುತ್ತಿರುವ ಚಂದ್ರ ಸುಳ್ಳು, ದೊಡ್ಡ ಚಂದ್ರನಾದರೆ ತನ್ನ ಭಾರಕ್ಕೇ ಮತ್ತೆ ಉಂಡೆಯಾಗುತ್ತದೆ. ಉಂಗುರ ಸರಿ. ಗ್ರಹದ ನಡುಗೆರೆಯ (ಸಮಭಾಜಕದ) ಮೇಲೆ ನಿಂತವರಿಗೆ ಅದು ನೆತ್ತಿಯ ಮೇಲೆ ಒಂದು ತೆಳು ಗೆರೆ ಮಾತ್ರ. ಮಂಗಳೂರಿನಷ್ಟು, ಅಂದ್ರೆ 13 ಡಿಗ್ರಿ ಉತ್ತರದಲ್ಲಿದ್ದರೆ ತೆಂಕು ಆಕಾಶದಲ್ಲಿ ಕಮಾನು ಕಾಣುತ್ತದೆ. ಧ್ರುವದ ಹತ್ತಿರದವರಿಗೆ ಕಾಣುವುದೇ ಇಲ್ಲ.

ಯಾವ ಸಾಫ್ಟ್‌ವೇರ್ ಬಳಸಬೇಕು?

ಲೆಕ್ಕಕ್ಕೆ ಎಕ್ಸೆಲ್ ಸಾಕು. ನೋಡಲು ಸ್ಟೆಲೇರಿಯಂ, ಪುಕ್ಕಟೆ. ಅದರಲ್ಲಿ ನೀವು ನಿಂತ ಜಾಗವನ್ನು ಅಯೋ, ಗ್ಯಾನಿಮೀಡ್ ಅಂತ ಬದಲಿಸಿ ಆಕಾಶ ನೋಡಿ. ಕಕ್ಷೆ ನಿಲ್ಲುತ್ತದಾ ಅಂತ ಆಡಿ ನೋಡಲು ಯೂನಿವರ್ಸ್ ಸ್ಯಾಂಡ್‌ಬಾಕ್ಸ್, ಅದಕ್ಕೆ ದುಡ್ಡು ಕೊಡಬೇಕು. ಮಕ್ಕಳಿದ್ದರೆ ಪಿಲಿಕುಳದ ತಾರಾಲಯಕ್ಕೆ ಒಮ್ಮೆ ಕರೆದುಕೊಂಡು ಹೋಗಿ.

ನನ್ನದು ಮಾಟ ಮಂತ್ರದ ಲೋಕ. ಈ ಲೆಕ್ಕ ಎಲ್ಲ ಯಾಕೆ?

ಬೇಡದಿದ್ದರೆ ಬಿಡಿ. ಚಂದ್ರ ದೇವರ ಕಣ್ಣು ಅಂತ ಬರೆದರೆ ನಾನು ಕೆಪ್ಲರ್ ಹಿಡಿದುಕೊಂಡು ಬರುವುದಿಲ್ಲ. ಆದರೆ ಮೊದಲ ಅಧ್ಯಾಯದಲ್ಲಿ ಹುಣ್ಣಿಮೆ ಚಂದ್ರ ನಡುರಾತ್ರಿ ಹುಟ್ಟಿದರೆ ಕೇಳುತ್ತೇನೆ. ಹುಣ್ಣಿಮೆ ಅಂದರೆ ಸೂರ್ಯನ ಎದುರು ಇರುವುದು, ಅದು ಸೂರ್ಯ ಮುಳುಗುವ ಹೊತ್ತಿಗೇ ಹುಟ್ಟಬೇಕು. ಮಲ್ಪೆಯಲ್ಲಿ ಸಂಜೆ ಸೂರ್ಯ ಮುಳುಗುವುದನ್ನು ನೋಡುತ್ತಾ ನಿಂತವರು ಹಿಂದೆ ತಿರುಗಿದರೆ ಗೊತ್ತಾಗುತ್ತದೆ. ಮಂತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ.

ನಾನು ಮಾಡಿದ್ದನ್ನು ನೋಡಿ ಹೇಳುತ್ತೀರಾ?

ಖಂಡಿತ. ಚಿತ್ರ ಆಮೇಲೆ. ಮೊದಲು ಗ್ರಹದ ತೂಕ, ವರ್ಷದ ದಿನಗಳು, ಪ್ರತಿ ಚಂದ್ರನ ವ್ಯಾಸ, ದೂರ ಕಳಿಸಿ. ಜೊತೆಗೆ ಕಡಲ ಬದಿಯ ಒಂದು ಊರಿನ ನಕ್ಷೆ, ಅದರಲ್ಲಿ ನೀರು ಇಳಿದಾಗ ಎಲ್ಲಿರುತ್ತದೆ, ಏರಿದಾಗ ಎಲ್ಲಿಗೆ ಬರುತ್ತದೆ ಅಂತ ಎರಡು ಗೆರೆ ಎಳೆದಿರಬೇಕು. ಆ ಎರಡು ಗೆರೆ ಇಲ್ಲದೆ ಬಂದದ್ದನ್ನು ವಾಪಸ್ ಕಳಿಸುತ್ತೇನೆ.